ರೇಸ್ ಮುಗಿದ ಮ್ಯಾಲೆ ಕ್ಲಬ್ ಏನು ಮಾಡ್ತದ?

ಮೋಟರ್ ರೇಸಿಂಗ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಹೆಲ್ಮೆಟ್ಟು, ಟೈರಿನ ಹೊಗೆ, ಚೌಕುಳಿ ಬಾವುಟ. ವರ್ಷದಲ್ಲಿ ಇದೆಲ್ಲ ಎಷ್ಟು ದಿನ ಇರ್ತದ ಅಂತ ಲೆಕ್ಕ ಹಾಕಿದರೆ ನಗು ಬರ್ತದ. ಕಾಲೇಜು ತಂಡಗಳ ಫಾರ್ಮುಲಾ ಭಾರತ್ ಸ್ಪರ್ಧೆ ಜನವರಿಯಲ್ಲಿ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇನಲ್ಲಿ ನಡೆಯುತ್ತದೆ. ಒಂದು ವಾರದೊಳಗೆ ಎಲ್ಲಾ ಮುಗಿದು ತಂಡಗಳು ಊರಿಗೆ ವಾಪಸ್. ಉಳಿದ 51 ವಾರ ಏನು? ಈ ಲೇಖನ ಆ 51 ವಾರಗಳ ಬಗ್ಗೆ. ನಮ್ಮ ಕ್ಯಾಂಪಸ್ಸಿನಲ್ಲಿ ಗಾಡಿ ಕಟ್ಟಬೇಕು ಅನ್ನೋ ಉಮೇದಿರುವ ಹುಡುಗ ಹುಡುಗಿಯರು ಪ್ರತಿ ಬ್ಯಾಚಿನಲ್ಲೂ ಇರ್ತಾರ. ಅವರಲ್ಲಿ ಹೆಚ್ಚಿನವರು ಯೋಚಿಸದೇ ಬಿಡುವ ಭಾಗ ಇದೇ.

ಹವ್ಯಾಸಿ ಕ್ಲಬ್ ಅಂದರೇನು ಅಂತ ಮೊದಲು ನೋಡೋಣ. ಕಂಪನಿ ತಂಡದಲ್ಲಿ ಮೆಕ್ಯಾನಿಕ್‌ಗೆ ಸಂಬಳ ಇರ್ತದ. ರೇಸ್ ಇರಲಿ ಬಿಡಲಿ, ಅವನು ಬೆಳಿಗ್ಗೆ ಬಂದು ಪಾನಾ ಹಿಡಿಯಲೇಬೇಕು. ಹವ್ಯಾಸಿ ಕ್ಲಬ್ಬಿನಲ್ಲಿ ಯಾರಿಗೂ ಸಂಬಳ ಇಲ್ಲ. ರೇಸ್ ಇದ್ದಾಗ ನೂರು ಮಂದಿ ಬರ್ತಾರ, ಇಲ್ಲದಾಗ ನಾಲ್ಕೇ ಮಂದಿ. ಕ್ಲಬ್ ಉಳಿಯುವುದು ಆ ನಾಲ್ಕು ಮಂದಿ ಏನು ಮಾಡುತ್ತಾರೆ ಅನ್ನುವುದರ ಮೇಲೆ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಶುರುವಾದದ್ದು 1953ರಲ್ಲಿ. ಎರಡನೇ ಮಹಾಯುದ್ಧದ ಕಾಲದ ಶೋಳಾವರಂ ಏರ್‌ಸ್ಟ್ರಿಪ್ ಮೇಲೆ ದಶಕಗಳ ಕಾಲ ರೇಸ್ ನಡೆಸಿ, ಕೊನೆಗೆ ಇರುಂಗಾಟ್ಟುಕೋಟೈಯಲ್ಲಿ ತನ್ನದೇ ಟ್ರ್ಯಾಕ್ ಕಟ್ಟಿಕೊಂಡಿತು. ಅದು ತೆರೆದದ್ದು 1990ರಲ್ಲಿ. ಜಾಗ, ದುಡ್ಡು, ಪರವಾನಗಿ ಇವೆಲ್ಲ ರೇಸಿನ ದಿನ ಆಗುವ ಕೆಲಸಗಳಲ್ಲ. ಕೊಯಮತ್ತೂರಿನ ಟ್ರ್ಯಾಕಿಗೆ ‘ಕರಿ’ ಅನ್ನುವ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ; ಮಾರುತಿ ಎಂಜಿನ್ ಹಾಕಿ, ಸಾಮಾನ್ಯ ಹುಡುಗರ ಕೈಗೂ ಎಟುಕುವಂಥ ಸಿಂಗಲ್ ಸೀಟರ್ ಕಾರು ಕಟ್ಟಿದವರು ಅವರು. ನಮ್ಮ ರಾಜ್ಯದಲ್ಲೂ ಕೆ-1000 ರ‍್ಯಾಲಿ ನಡೆಸುವ ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ ಇದೆ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಒಳರಸ್ತೆಗಳಲ್ಲಿ ರ‍್ಯಾಲಿ ಏರ್ಪಡಿಸುವವರಿದ್ದಾರೆ. ತೋಟದ ಮಾಲೀಕರನ್ನು ಒಪ್ಪಿಸಿ, ಯಾವ ತಿರುವಿನಲ್ಲಿ ಯಾರು ಬಾವುಟ ಹಿಡಿದು ನಿಲ್ಲಬೇಕು ಅಂತ ನಕ್ಷೆ ಹಾಕುವ ಹೊತ್ತಿಗೆ ಗಾಡಿಗಳ ಸದ್ದು ಇನ್ನೂ ಎಷ್ಟೋ ತಿಂಗಳು ದೂರ ಇರ್ತದ.

ಖಾಲಿ ತಿಂಗಳ ಬೆಲೆ ಏನು ಅನ್ನುವುದನ್ನು ನಮ್ಮ ತಿಕೋಟಾ, ಬಿಜ್ಜರಗಿ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ದ್ರಾಕ್ಷಿ ಪಡದಲ್ಲಿ ವರ್ಷಕ್ಕೆ ಎರಡು ಚಾಟ್ನಿ. ಅಕ್ಟೋಬರ್ ಚಾಟ್ನಿ ಆದ ಮೇಲೆ ಹಣ್ಣು ಬರ್ತದ, ಆದ್ದರಿಂದ ಅದು ಎಲ್ಲರಿಗೂ ಗೊತ್ತು. ಏಪ್ರಿಲ್ ಚಾಟ್ನಿ ಆದಾಗ ಬಳ್ಳಿ ಮೇಲೆ ಒಂದು ಗೊನೆ ಇರೋದಿಲ್ಲ, ಮಾರ್ಕೆಟ್ ಮಾತೂ ಇರೋದಿಲ್ಲ. ಆದರೆ ಮುಂದಿನ ಹಂಗಾಮಿನ ಗೊನೆ ಎಷ್ಟು ಅನ್ನೋದು ತೀರ್ಮಾನ ಆಗೋದು ಆವಾಗಲೇ. ಏಪ್ರಿಲ್ ಚಾಟ್ನಿ ಆಗಿ ಒಂದೂವರೆ ಎರಡು ತಿಂಗಳ ಸುಮಾರಿಗೆ ಹೊಸ ಕಡ್ಡಿಯ ಕಣ್ಣುಗಳೊಳಗೆ ಹೂಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ. ಹೊರಗಿಂದ ಏನೂ ಕಾಣೋದಿಲ್ಲ. ಆಗ ನೀರು, ಬಿಸಿಲು, ಗೊಬ್ಬರದಲ್ಲಿ ಎಡವಿದರೆ ಅಕ್ಟೋಬರಿನಲ್ಲಿ ಎಷ್ಟು ಚೆಂದ ಕತ್ತರಿಸಿದರೂ ಬರೀ ಎಲೆ. ರೇಸಿಂಗ್ ಕ್ಲಬ್ಬಿನ ಏಪ್ರಿಲ್ ಚಾಟ್ನಿ ಹೇಗಿರ್ತದ ಅನ್ನೋದು ಈಗ ನೋಡೋಣ.

ಗಾಡಿಯಿಂದ ಶುರು ಮಾಡೋಣ, ಅದು ಸುಲಭ. ಸ್ಪರ್ಧೆ ಮುಗಿಸಿ ಬಂದ ಗಾಡಿಗೆ ತಾಡಪತ್ರಿ ಹೊಚ್ಚಿ ಶೆಡ್ಡಿನ ಮೂಲೆಗೆ ನೂಕಿ, ‘ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ್ರಿ’ ಅನ್ನೋದು ಕಾಲೇಜು ತಂಡಗಳ ಹಳೇ ರೂಢಿ. ಆರು ತಿಂಗಳ ಮೇಲೆ ತಾಡಪತ್ರಿ ತೆಗೆದಾಗ ಸಿಗುವುದು ಬೇರೆಯೇ ಗಾಡಿ. ಎಂಜಿನ್ ಆಯಿಲ್ಲನ್ನೇ ತಗೊಳ್ರಿ. ಮತ್ತೆ ಓಡಿಸುವ ಮುಂಚೆ ಬದಲಿಸಿದರಾಯಿತು ಅಂತ ಬಹಳ ಮಂದಿ ತಿಳಿದಿರ್ತಾರ. ಆಗಬೇಕಾದದ್ದು ಉಲ್ಟಾ. ಓಡಿದ ಆಯಿಲ್‌ನಲ್ಲಿ ದಹನದಿಂದ ಬಂದ ನೀರು, ಆಮ್ಲ ಎರಡೂ ಸೇರಿರುತ್ತವೆ. ಅದನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಬೇರಿಂಗಿನ ನುಣುಪು ಮೈಯನ್ನು ಅದು ನಿಧಾನಕ್ಕೆ ತಿನ್ನುತ್ತದೆ. ಹಾಗಾಗಿ ನಿಲ್ಲಿಸುವ ಮುಂಚೆ ಹಳೇ ಆಯಿಲ್ ಇಳಿಸಿ, ಹೊಸದು ಹಾಕಿ, ಎರಡು ನಿಮಿಷ ಎಂಜಿನ್ ಓಡಿಸಿ, ಆಮೇಲೆ ನಿಲ್ಲಿಸಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದಿಷ್ಟು ಹನಿ ಆಯಿಲ್ ಬಿಟ್ಟು ಕೈಯಿಂದ ತಿರುವಿಟ್ಟರೆ ಪಿಸ್ಟನ್ ರಿಂಗ್ ಹಿಡಿದುಕೊಳ್ಳುವುದಿಲ್ಲ.

ಪೆಟ್ರೋಲ್ ಕಥೆ ಈಗ ಇನ್ನೂ ಸೂಕ್ಷ್ಮ ಆಗ್ಯದ. ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಜೊತೆಯಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಮಳೆಗಾಲ ದಾಟಿಸಬೇಕಾದ ಗಾಡಿಯ ಟ್ಯಾಂಕ್ ಖಾಲಿ ಮಾಡಿ ಇಡುವುದೇ ಸರಿ. ಬ್ರೇಕ್ ಫ್ಲೂಯಿಡ್ ಬುದ್ಧಿಯೂ ಇಂಥದ್ದೇ. ಹೊಸ ಡಾಟ್ 4 ಫ್ಲೂಯಿಡ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅನ್ನುತ್ತದೆ ಮಾನದಂಡ. ನೀರು ಹೀರಿಕೊಂಡ ಸ್ಥಿತಿಗೆ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಆ 75 ಡಿಗ್ರಿ ವ್ಯತ್ಯಾಸ ಡಬ್ಬಿ ನೋಡಿದರೆ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ನಾಲ್ಕನೇ ಸಲ ಬ್ರೇಕ್ ತುಳಿದಾಗ ಪೆಡಲ್ ನೆಲ ಮುಟ್ಟಿದರೆ ಗೊತ್ತಾಗ್ತದ.

ಬ್ಯಾಟರಿ ಮಾತು ಬಂದರೆ, 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯನ್ನು ತುಂಬಿಸಿ ಇಡಬೇಕು. ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂಡ್ತದ. ಲಿಥಿಯಂ ಪ್ಯಾಕಿಗೆ ಇದೇ ಬುದ್ಧಿ ಓಡಿಸಿದರೆ ಕೆಟ್ಟಿತು. ಅದನ್ನು ಅರ್ಧದ ಆಸುಪಾಸು, ಸೆಲ್ಲಿಗೆ 3.7ರಿಂದ 3.8 ವೋಲ್ಟಿನಲ್ಲಿ, ತಂಪು ಜಾಗದಲ್ಲಿ ಇಡಬೇಕು. ಹೊರಗೇ 40 ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಪೂರ್ತಿ ಚಾರ್ಜ್ ಆದ ಲಿಥಿಯಂ ಪ್ಯಾಕ್ ಇಡುವುದು ಪ್ಯಾಕಿನ ಆಯುಷ್ಯ ಕಡಿಮೆ ಮಾಡುವ ಕೆಲಸ, ಅಪಾಯದ ಕೆಲಸವೂ ಹೌದು. ಇನ್ನು ಇಲಿ. ಯಾವ ಸಿಲಬಸ್‌ನಲ್ಲೂ ಇಲ್ಲದ ಫೇಲ್ಯೂರ್ ಮೋಡ್ ಇದು. ವೈರಿಂಗ್ ಹಾರ್ನೆಸ್‌ನ ಮೇಲುಹೊದಿಕೆ ಅಂದರೆ ಇಲಿಗೆ ಯಾಕೋ ಬಹಳ ಪ್ರೀತಿ.

ಇದಾದ ಮೇಲೆ ಬಿಚ್ಚುವ ಕೆಲಸ. ಸಸ್ಪೆನ್ಷನ್ ತೋಳುಗಳನ್ನು ಚಾಸಿಗೆ ಹಿಡಿಸುವ ಬ್ರಾಕೆಟ್‌ಗಳ ವೆಲ್ಡ್ ಅಂಚನ್ನು ಡೈ ಪೆನೆಟ್ರಂಟ್ ಹಾಕಿ ನೋಡಬೇಕು. ಕೆಂಪು ಬಣ್ಣ ಬಳಿದು, ಕಾದು, ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿದರೆ ಕೂದಲೆಳೆ ಬಿರುಕಿನಿಂದಲೂ ಕೆಂಪು ಗೆರೆ ಎದ್ದು ಬರ್ತದ. ಮೆಟಲರ್ಜಿ ಲ್ಯಾಬಿನಲ್ಲಿ ಮಾರ್ಕ್ಸಿಗೋಸ್ಕರ ಮಾಡುವ ಈ ಪ್ರಯೋಗ ಇಲ್ಲಿ ಒಬ್ಬರ ಕಾಲುಗಳನ್ನು ಉಳಿಸುವಂಥದ್ದು. ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಗಳಲ್ಲಿ ಒಟ್ಟು 1000 ಅಂಕ. ಅದರಲ್ಲಿ ಅತಿ ದೊಡ್ಡ ಪಾಲು ಸುಮಾರು 22 ಕಿಲೋಮೀಟರಿನ ಎಂಡ್ಯುರೆನ್ಸ್ ಓಟಕ್ಕೆ. ಅದನ್ನು ಮುಗಿಸಲಾಗದೆ ನಿಲ್ಲುವ ಗಾಡಿಗಳು ಪ್ರತಿ ವರ್ಷ ಇರ್ತಾವ. ಬಹಳ ಸಲ ಗಾಡಿ ನಿಲ್ಲಿಸುವುದು ಸಡಿಲಾದ ಒಂದು ನಟ್ಟು, ಉಜ್ಜಿ ಸವೆದ ಒಂದು ವೈರು, ಸೋರುವ ಒಂದು ಹೋಸ್. ಹೊಸ ಗಾಡಿಯ ಡಿಸೈನ್‌ಗಿಂತ ಹಳೇ ಗಾಡಿಯನ್ನು ಸಾವಧಾನವಾಗಿ ಬಿಚ್ಚಿ ನೋಡುವುದೇ ಹೆಚ್ಚು ಕಲಿಸ್ತದ ಅನ್ನುವುದು ನನ್ನ ಅಭಿಪ್ರಾಯ. ಆದರೆ ಹೊಸಬರಿಗೆ ಬಿಚ್ಚೋ ಕೆಲಸ ಅಂದ್ರ ಬ್ಯಾಸರ. ಎಲ್ಲರಿಗೂ ಕ್ಯಾಡ್ ಮುಂದೆ ಕೂಡಬೇಕು.

ಈಗ ಕಷ್ಟದ ಭಾಗ, ಮನುಷ್ಯರದು. ಊರಿನ ಕ್ಲಬ್ಬಿನಲ್ಲಿ ಒಬ್ಬ ಸದಸ್ಯ ಇಪ್ಪತ್ತು ವರ್ಷ ಇರಬಹುದು. ಕಾಲೇಜು ಕ್ಲಬ್ಬಿನ ಗತಿ ಹಂಗಲ್ಲ. ಗಾಡಿಯ ಪ್ರತಿ ಬೋಲ್ಟಿನ ಜಾತಕ ಗೊತ್ತಿರುವ ಫೈನಲ್ ಇಯರ್ ಅಣ್ಣಂದಿರು ಅಕ್ಕಂದಿರು ಜೂನ್ ಹೊತ್ತಿಗೆ ಹೊರಟುಹೋಗ್ತಾರ. ಅಂದರೆ ಪ್ರತಿ ವರ್ಷ ಕ್ಲಬ್ಬಿನ ತಲೆಯೇ ಖಾಲಿ ಆಗ್ತದ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ತಂಡ 2003ರಲ್ಲಿ ಶುರುವಾಗಿ ಇವತ್ತಿಗೂ ನಡೀತಿದೆ. ನಾಲ್ಕೇ ವರ್ಷ ಇರುವ ಸದಸ್ಯರನ್ನು ಇಟ್ಟುಕೊಂಡು ಒಂದು ತಂಡ ಇಪ್ಪತ್ತು ವರ್ಷ ದಾಟಬೇಕಂದರೆ, ಒಂದು ಬ್ಯಾಚಿನ ತಲೆಯಲ್ಲಿದ್ದದ್ದು ಮುಂದಿನ ಬ್ಯಾಚಿಗೆ ಇಳಿಯಲೇಬೇಕು. ಆ ಇಳಿಸುವ ಕೆಲಸಕ್ಕೆ ಸಮಯ ಇರೋದು ರೇಸ್ ಇಲ್ಲದ ತಿಂಗಳಲ್ಲಿ ಮಾತ್ರ.

ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ಅಂಕದ ಪ್ರಶ್ನೆಯೂ ಹೌದು. ಡಿಸೈನ್ ವಿಭಾಗಕ್ಕೆ 150 ಅಂಕ. ತೀರ್ಪುಗಾರರು ಗಾಡಿ ಚೆಂದ ಐತೇನು ಅಂತ ನೋಡೋದಿಲ್ಲ. ‘ಈ ಸ್ಪ್ರಿಂಗ್ ಯಾಕೆ, ಇದಕ್ಕಿಂತ ಮೆತ್ತನೇದು ಯಾಕಲ್ಲ’ ಅಂತ ಕೇಳ್ತಾರ. ‘ಸೀನಿಯರ್ಸ್ ಹಾಕಿದ್ರು ಸರ್’ ಅನ್ನೋ ಉತ್ತರಕ್ಕೆ ಅಂಕ ಇಲ್ಲ.

ಹಸ್ತಾಂತರ ಅಂದರೆ ಕೊನೇ ದಿನ ಒಂದು ಪೆನ್‌ಡ್ರೈವ್ ಕೈಗಿಡುವುದು ಅಂತ ತಿಳಿಯಬೇಡ್ರಿ. ಅದರಲ್ಲಿ ‘ಫೈನಲ್’, ‘ಫೈನಲ್ 2’, ‘ಫೈನಲ್ ಪಕ್ಕಾ’ ಅನ್ನೋ ಮೂರು ಫೋಲ್ಡರ್ ಇರ್ತಾವ, ಯಾವುದು ಖರೇ ಅಂತ ಹೇಳುವವರು ಪುಣೆಯಲ್ಲಿ ನೌಕರಿಗೆ ಸೇರಿರ್ತಾರ. ಬೇಕಾದದ್ದು ಒಂದು ದಪ್ಪ ನೋಟ್‌ಬುಕ್ಕು. ಪ್ರತಿ ತೊಂದರೆಗೆ ನಾಲ್ಕು ಸಾಲು: ಏನಾಯಿತು, ಯಾಕೆ ಅನ್ನಿಸಿತು, ಏನು ಮಾಡಿದಿವಿ, ಅದರಿಂದ ಸರಿಯಾಯಿತೋ ಇಲ್ಲೋ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಡುವುದೂ ಅದನ್ನೇ.

ಕನ್ನಡ ಸಂಘದ ಪತ್ರಿಕೆಯಲ್ಲಿ ಬರೀತಿದ್ದೇನೆ ಅಂತ ಹೇಳುವ ಮಾತಲ್ಲ ಇದು: ಆ ನೋಟ್‌ಬುಕ್ಕನ್ನು ಕನ್ನಡದಲ್ಲಿ ಬರೀರಿ. ನಾವು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ‘ಬ್ರೇಕ್ ಪ್ರಾಬ್ಲಂ ಸಾಲ್ವ್ಡ್’ ಅಂತ ಮೂರು ಪದ ಬರೆದು ಕೈ ತೊಳೀತೀವಿ. ಅದೇ ಸಂಗತಿಯನ್ನು ಗೆಳೆಯನಿಗೆ ಹೇಳುವ ಹಾಗೆ ಬರೆದರೆ ಹೀಗಿರ್ತದ: ‘ಪೆಡಲ್ ಮೊದಲನೇ ಸಲ ಮೆತ್ತಗ, ಎರಡನೇ ಸಲ ಒತ್ತಿದ್ರ ಗಟ್ಟಿ. ಹಿಂದಿನ ಎಡ ಕ್ಯಾಲಿಪರ್ ತಲೆಕೆಳಗ ಕೂತದ, ಬ್ಲೀಡ್ ನಿಪ್ಪಲ್ ತಳಕ್ಕ ಬಂದದ, ಹಿಂಗಾಗಿ ಗಾಳಿ ಮ್ಯಾಲೆ ಉಳೀತದ. ಬ್ಲೀಡ್ ಮಾಡುವಾಗ ಕ್ಯಾಲಿಪರ್ ಬಿಚ್ಚಿ ನಿಪ್ಪಲ್ ಮ್ಯಾಲೆ ಬರೋಹಂಗ ಹಿಡಕೊಂಡು, ಪ್ಯಾಡ್ ನಡುವ ಡಿಸ್ಕ್ ದಪ್ಪದ ತಗಡು ಇಟ್ಟು ಗಾಳಿ ತಗೀಬೇಕು.’ ಎರಡನೇ ಬ್ಯಾಚಿನ ಯಾವ ಹುಡುಗನೂ ಇದನ್ನು ಓದಿ ಮತ್ತೊಂದು ವಾರ ಕಳಕೊಳ್ಳೋದಿಲ್ಲ. ಜೊತೆಗೆ ವೆಲ್ಡಿಂಗ್ ಮಿಸ್ತ್ರಿಗೂ ಓದಿ ಹೇಳಬಹುದು. ಗಾಡಿಯ ಅರ್ಧ ಜ್ಞಾನ ಅವರ ಕೈಯಲ್ಲೇ ಇರೋದು.

ಓಡಿಸೋದು ಎಲ್ಲಿ? ನಮಗೆ ಕೊಯಮತ್ತೂರು ಸುಮಾರು 900 ಕಿಲೋಮೀಟರ್. ಟ್ರ್ಯಾಕ್ ದಿನದ ಬಾಡಿಗೆಗಿಂತ ಲಾರಿ ಬಾಡಿಗೆಗೇ ತಂಡದ ಖಜಾನೆ ಖಾಲಿ. ಆದರೆ ರೇಸ್ ಇಲ್ಲದ ಕಾಲದಲ್ಲಿ ವೇಗ ಬೇಕಾಗಿಲ್ಲ. ಸ್ಕಿಡ್‌ಪ್ಯಾಡ್ ಅನ್ನುವ ಪರೀಕ್ಷೆ ನೋಡ್ರಿ: ಪಕ್ಕಪಕ್ಕದಲ್ಲಿ ಎರಡು ವೃತ್ತ, ಇಂಗ್ಲಿಷಿನ ಎಂಟರ ಆಕಾರ. ಒಳ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್, ಎರಡು ಕೇಂದ್ರಗಳ ನಡುವೆ 18.25 ಮೀಟರ್. ಲೆಕ್ಕ ಹಾಕಿದರೆ ಇಡೀ ಆಕಾರಕ್ಕೆ ಸುಮಾರು 40 ಮೀಟರ್ ಉದ್ದ, 22 ಮೀಟರ್ ಅಗಲ ಸಾಕು, ಸುತ್ತ ಸುರಕ್ಷತೆಗೆ ಬಿಡುವ ಜಾಗ ಬೇರೆ. ಪ್ರಿನ್ಸಿಪಾಲರ ಅನುಮತಿ ಸಿಕ್ಕರೆ ರಜೆ ದಿನದ ಪಾರ್ಕಿಂಗ್ ಜಾಗವೇ ಟ್ರ್ಯಾಕ್. ದಾರಿಯ ನಡುಗೆರೆಯ ತ್ರಿಜ್ಯ 9.1 ಮೀಟರ್ ಚಿಲ್ಲರೆ. ಒಂದು ಸುತ್ತಿಗೆ 6.5 ಸೆಕೆಂಡ್ ಹಿಡಿದರೆ ವೇಗ ಗಂಟೆಗೆ 32 ಕಿಲೋಮೀಟರ್ ಮಾತ್ರ, ಆದರೆ ಅಡ್ಡ ವೇಗೋತ್ಕರ್ಷ 0.87 ಜಿ. ಅದೇ ಸುತ್ತು 5.5 ಸೆಕೆಂಡಿಗೆ ಇಳಿದರೆ 1.2 ಜಿ. ಟೈರಿನ ಗಾಳಿ ಎರಡು ಪಿಎಸ್‌ಐ ಇಳಿಸಿ ಮತ್ತೆ ಸುತ್ತು ಹೊಡೀರಿ, ಕ್ಯಾಂಬರ್ ಅರ್ಧ ಡಿಗ್ರಿ ಬದಲಿಸಿ ಮತ್ತೆ ಹೊಡೀರಿ, ಎಲ್ಲಾ ಬರಕೊಳ್ರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅಷ್ಟು ನೆನಪಿರಲಿ. ಸೈಕಲ್ ಹೊಡೆಯುವ ವೇಗಕ್ಕಿಂತ ಸ್ವಲ್ಪ ಹೆಚ್ಚಿನ ವೇಗದಲ್ಲೇ ಗಾಡಿ ತನ್ನ ಗುಟ್ಟೆಲ್ಲ ಹೇಳ್ತದ.

ಕಡಿಮೆ ವೇಗದ ಕೌಶಲ ಅಂದಾಗ ನಮ್ಮ ಭಾಗದ ಜಾತ್ರೆಗಳಲ್ಲಿ ನಡೆಯುವ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಯನ್ನು ಬಿಡಲಾಗದು. ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವುದು. ಇದನ್ನು ಮೋಟರ್ ಕ್ರೀಡೆ ಅಂತ ಯಾರೂ ಕರೆಯೋದಿಲ್ಲ, ಕರೀಬೇಕು ಅಂತ ನನಗನಿಸ್ತದ. ಮುಂದಕ್ಕೆ ಎಳೆದಾಗ ಟ್ರೇಲರ್ ತಾನೇ ನೆಟ್ಟಗಾಗುತ್ತದೆ; ಹಿಂದಕ್ಕೆ ತಳ್ಳಿದಾಗ ಸಣ್ಣ ಓರೆಯೂ ಬೆಳೆಯುತ್ತ ಹೋಗಿ ಕೊನೆಗೆ ಮಡಚಿಕೊಳ್ಳುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಬರುವ ಅಸ್ಥಿರ ವ್ಯವಸ್ಥೆಯೇ ಇದು. ಆ ಡ್ರೈವರ್ ಕಲಿತದ್ದು ಯಾವ ಟ್ರ್ಯಾಕಿನಲ್ಲೂ ಅಲ್ಲ, ವರ್ಷವಿಡೀ ಹೊಲ, ಕಣ, ಫ್ಯಾಕ್ಟರಿ ಅಂತ ಅದೇ ಗಾಡಿಯನ್ನು ತಿರುಗಿಸುತ್ತ. ಅವನಿಗೆ ಆಫ್ ಸೀಸನ್ ಅನ್ನೋದೇ ಇಲ್ಲ.

ಇನ್ನು ಕ್ಲಬ್ಬುಗಳು ಖಾಲಿ ತಿಂಗಳಲ್ಲಿ ಸದಸ್ಯರನ್ನು ಹಿಡಿದಿಟ್ಟುಕೊಳ್ಳಲು ಬಳಸುವ ಹಳೇ ಉಪಾಯ ಟಿಎಸ್‌ಡಿ ರ‍್ಯಾಲಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಇದರಲ್ಲಿ ಜೋರಾಗಿ ಹೋದವನು ಗೆಲ್ಲೋದಿಲ್ಲ. ಹೇಳಿದ ಸರಾಸರಿ ವೇಗವನ್ನು ಕರಾರುವಾಕ್ಕಾಗಿ ಕಾಯ್ದುಕೊಂಡವನು ಗೆಲ್ತಾನ. ರೇಸ್ ಕಾರು ಬೇಕಾಗಿಲ್ಲ, ಅಪ್ಪನ ಬೊಲೆರೊ ಆದೀತು, ಬೈಕೂ ಆದೀತು. ದಾರಿಯ ಮಧ್ಯೆ ಎಲ್ಲೋ ಗುಟ್ಟಾಗಿ ಕೂತ ಮಾರ್ಷಲ್ ನಿಮ್ಮ ಸಮಯ ಬರೆದುಕೊಳ್ತಾನ, ಮುಂಚೆ ಬಂದರೂ ತಡ ಆದರೂ ದಂಡದ ಅಂಕ. ಸಾಮಾನ್ಯವಾಗಿ ಮುಂಚೆ ಬಂದವರಿಗೇ ದಂಡ ಜಾಸ್ತಿ.

ತಿಕೋಟಾ ಕಡೆಯಿಂದ ಬಿಜ್ಜರಗಿ ಮೇಲೆ ಹಾದುಹೋಗುವ 30 ಕಿಲೋಮೀಟರಿನ ಒಂದು ದಾರಿ ಹಾಕಿದೆವು ಅಂತ ಇಟ್ಟುಕೊಳ್ಳೋಣ. ಸರಾಸರಿ ವೇಗ ಗಂಟೆಗೆ 36 ಕಿಲೋಮೀಟರ್. ಅಂದರೆ ಸೆಕೆಂಡಿಗೆ 10 ಮೀಟರ್, ಒಂದು ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡ್. ಸುಲಭ ಅನ್ನಿಸ್ತದ ಅಲ್ಲಾ? ಈಗ ನಿಮ್ಮ ಗಾಡಿಯ ಓಡೋಮೀಟರ್ ನೂರಕ್ಕೆ ಎರಡರಷ್ಟು ತಪ್ಪು ತೋರಿಸ್ತದ ಅನ್ನಿ. 30 ಕಿಲೋಮೀಟರಿನ ಕೊನೆಗೆ 600 ಮೀಟರ್ ವ್ಯತ್ಯಾಸ, ಅಂದರೆ ಪೂರಾ ಒಂದು ನಿಮಿಷ. ಸೆಕೆಂಡ್ ಲೆಕ್ಕದ ಆಟದಲ್ಲಿ ಒಂದು ನಿಮಿಷ ಅಂದ್ರ ಆಟ ಮುಗೀತು. ಅದಕ್ಕೇ ರ‍್ಯಾಲಿಗೆ ಮುಂಚೆ ಆಯೋಜಕರು ಅಳೆದುಕೊಟ್ಟ ಒಂದು ತುಂಡು ದಾರಿಯಲ್ಲಿ ಓಡಿ ನಮ್ಮ ಮೀಟರಿನ ತಪ್ಪು ಎಷ್ಟು ಅಂತ ಕಂಡುಕೊಳ್ಳಬೇಕು, ಆಮೇಲೆ ಟೈರಿನ ಗಾಳಿ ಮುಟ್ಟಬಾರದು. ಎಮ್ಮೆ ಹಿಂಡು ಅಡ್ಡ ಬಂದು 40 ಸೆಕೆಂಡ್ ಹೋದರೆ ಅದನ್ನು ಎಷ್ಟು ಕಿಲೋಮೀಟರಿನಲ್ಲಿ, ವೇಗದ ಮಿತಿ ಮೀರದೆ ತುಂಬಿಸಿಕೊಳ್ಳಬೇಕು ಅಂತ ಪಕ್ಕದ ಸೀಟಿನವರು ಕೂಡಲೇ ಹೇಳಬೇಕು. ಆ ಪಕ್ಕದ ಸೀಟೇ ನ್ಯಾವಿಗೇಟರ್ ಸೀಟು. ಕಾಸರಗೋಡು ಜಿಲ್ಲೆಯ ಮೂಸಾ ಶರೀಫ್ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಆ ಸೀಟಿನಲ್ಲಿ ಕೂತೇ, ಸ್ಟೇರಿಂಗ್ ಹಿಡಿದಲ್ಲ. ಡ್ರೈವಿಂಗ್ ಬಾರದವರಿಗೂ ಈ ಕ್ರೀಡೆಯಲ್ಲಿ ಜಾಗ ಇದೆ ಅಂತ ನಮ್ಮ ಹುಡುಗಿಯರಿಗೂ ಹುಡುಗರಿಗೂ ಯಾರೂ ಹೇಳಿಲ್ಲ.

ದಾರಿ ತೋರಿಸುವ ಪುಸ್ತಕವನ್ನು ಟ್ಯುಲಿಪ್ ಚಾರ್ಟ್ ಅಂತಾರ. ನೆದರ್‌ಲೆಂಡ್ಸಿನ ಟ್ಯುಲಿಪ್ ರ‍್ಯಾಲಿಯಿಂದ ಬಂದ ಹೆಸರು. ಪ್ರತಿ ಕೂಡುರಸ್ತೆಗೆ ಒಂದು ಪುಟ್ಟ ಚಿತ್ರ: ನೀವು ಬಂದ ಕಡೆ ಒಂದು ಚುಕ್ಕಿ, ಹೋಗಬೇಕಾದ ಕಡೆ ಬಾಣ, ಪಕ್ಕದಲ್ಲಿ ದೂರ. ‘ಬೇವಿನ ಗಿಡದ ಹತ್ರ ಹೊಳ್ಳಿ’ ಅಂತ ಬರೆದರೆ ನಡೆಯೋದಿಲ್ಲ, ಬೇವಿನ ಗಿಡ ಎಲ್ಲಿ ಇಲ್ಲ? ಇದನ್ನು ಬಿಡಿಸಲು ಒಂದು ಬೈಕು, ಒಂದು ಪೆನ್ನು, ಎರಡು ಭಾನುವಾರ ಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ. ಸರ್ಕಾರದ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 189ರ ಪ್ರಕಾರ ಅಪರಾಧ. 2019ರ ತಿದ್ದುಪಡಿ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಟಿಎಸ್‌ಡಿ ರೇಸ್ ಅಲ್ಲ ನಿಜ, ಆದರೂ ಪೊಲೀಸರಿಗೆ ಮತ್ತು ದಾರಿಯ ಗ್ರಾಮ ಪಂಚಾಯಿತಿಗಳಿಗೆ ಮುಂಚೆ ತಿಳಿಸಿ ಲಿಖಿತ ಅನುಮತಿ ಪಡೆಯಬೇಕು. ರಾತ್ರಿ ಬೈಪಾಸಿನಲ್ಲಿ ‘ಟೆಸ್ಟಿಂಗ್’ ಅಂತ ಬೈಕ್ ಹಾರಿಸುವವರಿಗೂ ಕ್ಲಬ್ಬಿಗೂ ಇರುವ ವ್ಯತ್ಯಾಸ ಆ ಅನುಮತಿ ಪತ್ರದಲ್ಲೇ ಕಾಣ್ತದ. ಈ ಕಾಗದಪತ್ರ, ಪ್ರಾಯೋಜಕರ ಪತ್ರ, ಲೆಕ್ಕಪತ್ರ, ಫೈರ್ ಎಕ್ಸ್‌ಟಿಂಗ್ವಿಷರಿನ ತಪಾಸಣೆ, ಸೀಟ್ ಬೆಲ್ಟಿನ ಅವಧಿ ಮುಗಿದಿದೆಯೇ ಅಂತ ಲೇಬಲ್ ನೋಡುವುದು, ಎಲ್ಲವೂ ಖಾಲಿ ತಿಂಗಳ ಕೆಲಸವೇ. ಯಾರೂ ಫೋಟೋ ತೆಗೆಯದ ಕೆಲಸ.

ಇನ್ನು ತಾರೀಕು. ನಮ್ಮ ಕಡೆ ಟಿಎಸ್‌ಡಿಗೆ ಭಾನುವಾರ ಹುಡುಕುವುದು ಸುಲಭ ಅಲ್ಲ. ನವೆಂಬರಿನಿಂದ ಮಾರ್ಚ್ ತನಕ ಕಬ್ಬಿನ ಟ್ರ್ಯಾಕ್ಟರ್, ಒಂದಕ್ಕೆ ಎರಡು ಟ್ರೇಲರ್, ಹಿಂದೆ ರಿಫ್ಲೆಕ್ಟರ್ ಇದ್ದರೆ ನಿಮ್ಮ ಪುಣ್ಯ. ಬಾಬಲೇಶ್ವರ ಕಡೆ ದಾರಿ ಹಾಕುವವರಿಗಂತೂ ಇದು ದೊಡ್ಡ ತಲೆನೋವು. ಫೆಬ್ರುವರಿಯಿಂದ ಏಪ್ರಿಲ್ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಓಡಾಟ. ಮೇ ತಿಂಗಳ ಬಿಸಿಲಿಗೆ ಮಾರ್ಷಲ್‌ಗಳು ರಸ್ತೆ ಬದಿ ಕೂಡಲಾರರು. ಸೆಪ್ಟೆಂಬರಿನಲ್ಲಿ ನಮಗೆ ಮಳೆ ಜೋರು, ಎರೆ ಮಣ್ಣು ಟಾರ್ ಮೇಲೆ ಹರಿದು ಬಂದರೆ ಬೈಕಿನವರಿಗೆ ಅದು ಸಾಬೂನು. ಅಕ್ಟೋಬರ್ ಬಂತೆಂದರೆ ಮತ್ತೆ ಚಾಟ್ನಿ, ಔಷಧಿ ಹೊಡೆಯುವ ಟ್ರ್ಯಾಕ್ಟರ್. ಉಳಿಯುವುದು ಜುಲೈ, ಆಗಸ್ಟಿನ ಒಂದೆರಡು ಭಾನುವಾರ, ಇಂಟರ್ನಲ್ಸ್ ಅಡ್ಡ ಬರದಿದ್ದರೆ.